ಹಣ್ಣು, ನೀರು, ಅಷ್ಟೇ

ನಿನ್ನ ಮನೆ, ಅಡುಗೆಮನೆಯ ಮೇಜು
ತಾರೀಕು ೧೭, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಗಂಟಲು ನೋವು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಒಡೆದು ಕೇಳಿಸುತ್ತಿತ್ತು. ಬಿಸಿನೀರು ಕುಡಿ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಫ್ಯಾನಿನ ಕೆಳಗೆ ಮಲಗುವ ಅಭ್ಯಾಸವನ್ನು ಅಲ್ಲಾದರೂ ಬಿಡು. ಹಾಲು ಕಟ್ಟಿಕೊಂಡು ಎದೆ ನೋಯುತ್ತದೆ ಎಂದಿದ್ದೆಯಲ್ಲ, ಅದೀಗ ಹೇಗಿದೆ? ನಾಚಿಕೊಂಡು ಹಲ್ಲು ಕಚ್ಚಿ ಸಹಿಸಬೇಡ, ಅಲ್ಲಿಯ ನರ್ಸಿಗೆ ತೋರಿಸು. ಪುಟ್ಟಿ ಚೆನ್ನಾಗಿದ್ದಾಳೆ. ಕೆಳಗಿನ ಎರಡು ಹಲ್ಲು ಅಕ್ಕಿಕಾಳಿನಷ್ಟು ಮೇಲೆ ಬಂದಿವೆ. ಈಗ ತಾನೇ ತಿಂದು, ನನ್ನ ಸೆರಗಿಗೆ ಒರೆಸಿ, ಮಲಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದುವಾಗ ನಿನ್ನ ಮನಸ್ಸು ಮಗುವಿನ ಕಡೆ ಓಡಬಾರದು. ಪೂರ್ತಿ ನನ್ನ ಕಡೆಗೇ ಇರಬೇಕು. ನನಗೆ ನಿನ್ನ ಮೇಲೆ ವಿಪರೀತ ಕೋಪ ಬಂದಿದೆ.

ಕಾಗದ ಯಾಕೆ, ಫೋನ್ ಮಾಡಬಾರದಿತ್ತೇ ಎನ್ನುತ್ತೀಯ. ಹೋದ ಶುಕ್ರವಾರ ಆ ಮಾತಾದ ಮೇಲೆ ನಾಲ್ಕು ಸಲ ಮಾಡಿದ್ದೇನೆ. ಒಂದು ಸಲ ಮೀಟಿಂಗ್, ಒಂದು ಸಲ ಊಟದ ಹೊತ್ತು, ಒಂದು ಸಲ ಬರೀ "ಅಮ್ಮಾ, ಆಮೇಲೆ", ಮತ್ತೊಂದು ಸಲ ಎತ್ತಲೇ ಇಲ್ಲ. ಆಯಾ ಎನ್ನುವ ಶಬ್ದ ನನ್ನ ಬಾಯಿಂದ ಬಂತೋ ಇಲ್ಲವೋ, ನಿನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಕಾಗದವನ್ನು ಹಾಗೆ ನಡುವೆ ಕತ್ತರಿಸಲಾಗದು. ಮಡಚಿ ಎತ್ತಿಟ್ಟರೂ ಅದು ನಿನ್ನ ಕೋಣೆಯಲ್ಲೇ ಇರುತ್ತದೆ. ಚಿಕ್ಕವಳಿದ್ದಾಗ ನಾನು ಬೈಯಲು ಶುರುಮಾಡಿದರೆ ಎರಡು ಕಿವಿಗೂ ಬೆರಳಿಟ್ಟುಕೊಂಡು ಜೋರಾಗಿ ಮಗ್ಗಿ ಹೇಳುತ್ತಿದ್ದವಳು ನೀನು. ಹದಿಮೂರರ ಮಗ್ಗಿ ನಿನಗೆ ಅಷ್ಟು ಚೆನ್ನಾಗಿ ಬಂದದ್ದು ನನ್ನ ಬೈಗುಳದಿಂದಲೇ.

ನೀನು ಪುಟ್ಟಿಯನ್ನು ಬಿಟ್ಟು ತರಬೇತಿಗೆ ಹೋದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಮೂರು ತಿಂಗಳು ಹೋಗದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತಿದ್ದರು, ಅದು ನನಗೂ ಗೊತ್ತು. ನಾನೂ ನಿನ್ನನ್ನು ಫ್ಯಾಕ್ಟರಿಯ ಶಿಶುಪಾಲನೆಯ ಕೋಣೆಯಲ್ಲಿ ಬಿಟ್ಟು ಬೆಲ್ಟಿನ ಮುಂದೆ ನಿಂತವಳೇ. ಆಗ ನಿನಗೆ ಅನ್ನ ಕಲಸಿ ತಿನ್ನಿಸಿ, ಮೂಗು ಒರೆಸಿ ಸಾಕಿದ್ದು ಒಬ್ಬ ಆಯಾ. ಅವಳ ಮುಖ ನಿನಗೆ ನೆನಪಿರಲಿಕ್ಕಿಲ್ಲ, ನನಗಿದೆ. ಹಾಗಾಗಿ, ಅಮ್ಮನಿಗೆ ನಾನು ಕೆಲಸ ಮಾಡುವುದೇ ಇಷ್ಟವಿಲ್ಲ, ಅದಕ್ಕೇ ಈ ರಾದ್ಧಾಂತ ಎಂದು ನಿನ್ನ ಗಂಡನ ಹತ್ತಿರ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಬೇಡ. ವಿಷಯ ಅದಲ್ಲ.

ವಿಷಯವನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಅರ್ಧಂಬರ್ಧ ಗೊತ್ತು. ಆ ಅರ್ಧದ ಮೇಲೇ ನೀನು ತೀರ್ಪು ಕೊಟ್ಟೆ. ನೀನು ಹೊರಟ ಎರಡನೇ ವಾರ ಪುಟ್ಟಿಗೆ ಆರು ತಿಂಗಳು ತುಂಬಿತು, ಇನ್ನು ಮೆತ್ತಗೆ ಬೇಯಿಸಿದ ಹಣ್ಣು ಶುರುಮಾಡಿ ಎಂದು ಡಾಕ್ಟರು ಹೇಳಿದರು. ನನಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಹಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ನೋಡು. ಇಪ್ಪತ್ತೆಂಟು ವರ್ಷ ಹಣ್ಣಿನ ಡಬ್ಬಿ ತುಂಬುವ ಫ್ಯಾಕ್ಟರಿಯಲ್ಲಿ, ಮೂರನೇ ಬೆಲ್ಟಿನ ಎಡಗಡೆ ನಿಂತಿದ್ದೇನೆ. ಹೆಚ್ಚಿದ ಸೇಬು, ಹೆಚ್ಚಿದ ಪೇರ್ ನನ್ನ ಮುಂದೆ ಸಾಗುತ್ತಿದ್ದವು. ಕಂದು ತಿರುಗಿದ ಹೋಳನ್ನು ಎತ್ತಿ ಬಿಸಾಡುವುದು ನನ್ನ ಕೆಲಸ. ಅಷ್ಟೇ ಕೆಲಸ. ಈಗಲೂ ಯಾರ ಮನೆಯಲ್ಲಾದರೂ ತಟ್ಟೆಯಲ್ಲಿ ಕಂದಾದ ಸೇಬಿನ ಹೋಳು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ನಿನ್ನ ನಿಶ್ಚಿತಾರ್ಥದ ದಿನ ಬೀಗಿತ್ತಿಯ ತಟ್ಟೆಯಿಂದ ಒಂದು ಹೋಳು ಎತ್ತಿ ಕಸದ ಬುಟ್ಟಿಗೆ ಹಾಕಿದಾಗ ನೀನು ನನ್ನ ತೊಡೆ ಚಿವುಟಿದ್ದು ನೆನಪಿದೆಯಲ್ಲ.

ನಾನು ಮಾಡಿದ ಕ್ರಮ ಕೇಳು. ಸೇಬಿನ ಸಿಪ್ಪೆ ತೆಗೆದೆ, ನಡುವಿನ ಗಟ್ಟಿ ಭಾಗ, ಬೀಜ, ನಾರು ಒಂದೂ ಉಳಿಯದ ಹಾಗೆ ಕೆತ್ತಿದೆ, ಒಂದೇ ಅಳತೆಗೆ ಹೆಚ್ಚಿದೆ. ಒಂದೇ ಅಳತೆ ಇದ್ದರೆ ಒಟ್ಟಿಗೇ ಬೇಯುತ್ತದೆ. ಹೆಚ್ಚಿದ್ದನ್ನೆಲ್ಲ ಒಂದು ಬಟ್ಟಲು ನೀರಿಗೆ ಹಾಕಿದೆ. ಪುಟ್ಟಿ ಎದ್ದು ಹಾಲು ಕುಡಿದು ಮುಗಿಸುವ ತನಕ ಹೋಳುಗಳು ಅದರಲ್ಲೇ ಇದ್ದವು. ಆಮೇಲೆ ಎತ್ತಿ ಹಬೆಯಲ್ಲಿ ಬೇಯಿಸಿ, ಚಮಚದ ಬೆನ್ನಿನಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಕುಸಿಯುವಷ್ಟಾದಾಗ ಇಳಿಸಿ, ಜರಡಿಯಲ್ಲಿ ತಿಕ್ಕಿ ಸೋಸಿದೆ. ಬಟ್ಟಲಿನ ನೀರನ್ನೇ ನಾಲ್ಕು ಚಮಚ ಹಾಕಿ ತೆಳ್ಳಗೆ ಮಾಡಿ ಕುದಿಸಿದೆ. ಮಣಿಕಟ್ಟಿನ ಒಳಗಡೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿದೆ. ಹಾಲಿನಷ್ಟು ಬಿಳಿ, ಒಂದು ಕಲೆ ಇಲ್ಲ. ಆಯಾ ಪುಟ್ಟಿಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು, ನಾನು ಚಮಚ ಹಿಡಿದಿದ್ದೆ, ಅಳಿಯಂದಿರು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಮೊದಲ ಚಮಚಕ್ಕೇ ಪುಟ್ಟಿ ಕಣ್ಣು ಮುಚ್ಚಿ, ಮುಖವನ್ನೆಲ್ಲ ಕಿವುಚಿ, ಭುಜ ನಡುಗಿಸಿದಳು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನೀನೂ ಆ ವಿಡಿಯೋ ನೋಡಿ ಹತ್ತು ಸಲ ನಕ್ಕೆ. ಆಯಾ ಒಬ್ಬಳು ನಗಲಿಲ್ಲ. ಮಗೂಗೆ ಹಿಡಿಸ್ತಿಲ್ಲ ಅನ್ಸುತ್ತೆ ಅಕ್ಕಾ, ನಾಳೆ ನೋಡೋಣ ಎಂದಳು. ನಾನು ಕೇಳಲಿಲ್ಲ.

ಮೂರನೇ ದಿನ ತುಟಿಯ ಸುತ್ತ, ಗದ್ದದ ಮೇಲೆ ಕೆಂಪಗೆ ಗುಳ್ಳೆ ಎದ್ದವು. ಡಾಕ್ಟರು ಕೇಳಿದರು, ಹಣ್ಣಿಗೆ ಏನು ಹಾಕುತ್ತೀರಿ ಎಂದು. ಹಣ್ಣು, ನೀರು, ಅಷ್ಟೇ ಎಂದೆ. ಸಕ್ಕರೆ? ಇಲ್ಲ. ಜೇನು? ಒಂದು ವರ್ಷ ತುಂಬುವ ತನಕ ಕೊಡಬಾರದು ಎಂದು ನನಗೂ ಗೊತ್ತು ಸ್ವಾಮಿ ಎಂದೆ. ಸೇಬು ಬಿಟ್ಟು ಪೇರ್ ಕೊಟ್ಟು ನೋಡಿ ಎಂದರು. ಪೇರ್‌ನ ನಡುಭಾಗದಲ್ಲಿ ಮರಳಿನ ಹಾಗೆ ಹರಳು ಇರುತ್ತದೆ, ಅದನ್ನೆಲ್ಲ ಎರಡು ಸಲ ಸೋಸಿ ಕೊಟ್ಟೆ. ಮತ್ತೆ ಕೆಂಪು. ಈ ಸಲ ಗಲ್ಲಕ್ಕೂ ಹರಡಿತು, ರಾತ್ರಿಯೆಲ್ಲ ಉಜ್ಜಿಕೊಂಡು ಅತ್ತಳು. ಮಾರನೇ ದಿನ ಶುಕ್ರವಾರ ನೀನು ವಿಡಿಯೋದಲ್ಲಿ ಅವಳ ಮುಖ ನೋಡಿ ಬೆಚ್ಚಿಬಿದ್ದೆ. ತಾಯಿಯ ಹೊಟ್ಟೆ ಉರಿಯುವುದು ಸಹಜ, ದೂರದಲ್ಲಿದ್ದರೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ನಿನ್ನದೇನೂ ತಪ್ಪಿಲ್ಲ.

ಅದರ ಮುಂದಿನ ಐದು ನಿಮಿಷ ನಡೆದದ್ದು ನಿನಗೆ ನೆನಪಿದೆಯೇ? ನನಗೆ ದಿನಾ ನೆನಪಾಗುತ್ತದೆ. ಮೊಬೈಲನ್ನು ಇದೇ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದೆವು. ಆಯಾ ಏನಾದರೂ ಕೊಟ್ಟಳಾ ಎಂದು ನೀನು ಕೇಳಿದೆ. ಅವಳು ಇಲ್ಲ ಮೇಡಂ ಎಂದಳು. ಹಿಂದೊಮ್ಮೆ ಅವಳೇ ಮಾತಿನ ಮಧ್ಯೆ, ತನ್ನ ಮೊಮ್ಮಕ್ಕಳಿಗೆ ಆರು ತಿಂಗಳಿಗೆಲ್ಲ ಬಿಸ್ಕತ್ತು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ ಎಂದಿದ್ದಳಲ್ಲ, ಅದನ್ನು ಎತ್ತಿ ಆಡಿದೆ. ಅವಳು ಮತ್ತೆ ಇಲ್ಲ ಎಂದಳು. ಆಗ ನೀನು ಅವಳನ್ನು ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಕಳಿಸಿ ನನ್ನನ್ನು ಕೇಳಿದೆ. "ಅಮ್ಮಾ, ನಿಜ ಹೇಳು, ನೀನೇನಾದ್ರೂ ಕೊಟ್ಯಾ?" ನಾನು ಏನು ಹೇಳಿದೆ ಗೊತ್ತಲ್ಲ. "ನಾನಂತೂ ಅಲ್ಲ."

ಎರಡೇ ಶಬ್ದ. ಆ "ಅಂತೂ" ಎನ್ನುವುದರಲ್ಲಿ ನಾನು ಅವಳ ತಲೆಯ ಮೇಲೆ ಗೂಬೆ ಕೂರಿಸಿದೆ. ಮನೆಯಲ್ಲಿ ಮಗುವಿಗೆ ತಿನ್ನಿಸುವವರು ಇಬ್ಬರೇ, ನಾನಂತೂ ಅಲ್ಲ ಎಂದಮೇಲೆ ಇನ್ನು ಯಾರು? ಅವಳು ಬಟ್ಟೆ ಮಡಚಿಕೊಂಡು ಒಳಗೆ ಬರುವಷ್ಟರಲ್ಲಿ ನೀನು ತೀರ್ಮಾನ ಮಾಡಿ ಆಗಿತ್ತು. ಇವತ್ತಿನಿಂದ ಬರಬೇಡ ಎಂದೆ. ಅವಳು ನಿನ್ನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಪುಟ್ಟಿಯ ಗದ್ದಕ್ಕೆ ಮುಲಾಮು ಹಚ್ಚುತ್ತಾ ತುಟಿಪಿಟಿಕ್ ಎನ್ನದೆ ನಿಂತೆ. ಬಾಟಲಿ ಕಂಡರೆ ಕಿರುಚುತ್ತಿದ್ದ ಮಗುವಿಗೆ ಎರಡು ದಿನ ಪಟ್ಟು ಹಿಡಿದು ಕೂತು ಬಾಟಲಿ ಕುಡಿಯಲು ಕಲಿಸಿದವಳು ಅವಳು. ಅವಳು ಕಲಿಸದಿದ್ದರೆ ನೀನು ಆ ಬಸ್ಸು ಹತ್ತುವಂತೆಯೇ ಇರಲಿಲ್ಲ. ಅಂಥವಳನ್ನು ಐದು ನಿಮಿಷದಲ್ಲಿ, ಸಕ್ಕರೆ ಡಬ್ಬಿಗೆ ಒರಗಿದ ಫೋನಿನಿಂದಲೇ ನೀನು ಮನೆಯಿಂದ ಹೊರಗೆ ಕಳಿಸಿದೆ. ನಿನ್ನದು ಲಿಫ್ಟುಗಳನ್ನು ಪರೀಕ್ಷಿಸುವ ಕೆಲಸ. ಒಂದು ಲಿಫ್ಟ್ ನಿಲ್ಲಿಸಿ ಬಾಗಿಲಿಗೆ ಚೀಟಿ ಅಂಟಿಸುವ ಮೊದಲು ಹದಿನೇಳು ಪರೀಕ್ಷೆ ಮಾಡಬೇಕು, ಒಂದು ಬಿಟ್ಟರೂ ಕೆಲಸಕ್ಕೆ ಕುತ್ತು ಎಂದು ಹೆಮ್ಮೆಯಿಂದ ಹೇಳುತ್ತೀಯ. ಒಬ್ಬ ಹೆಂಗಸಿಗೆ ಚೀಟಿ ಅಂಟಿಸಲು ನಿನಗೆ ಒಂದು ಪರೀಕ್ಷೆಯೂ ಬೇಡವಾಯಿತೇ?

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಅವತ್ತು ಸಂಜೆಯೇ ನೀನು ಈ ಕಟ್ಟಡದ ಮೊಬೈಲ್ ಗ್ರೂಪಿನಲ್ಲಿ ಬರೆದೆ. ನಲವತ್ತೆರಡು ಮನೆಯವರು ಓದುವ ಗ್ರೂಪು. ನಮ್ಮ ಮನೆಯ ಆಯಾ ಮಗುವಿಗೆ ಕದ್ದು ಏನೇನೋ ತಿನ್ನಿಸುತ್ತಾಳೆ, ಮಕ್ಕಳಿರುವವರು ಎಚ್ಚರ. ಕೆಳಗೆ ಅವಳ ಫೋಟೋ, ಪುಟ್ಟಿಯನ್ನು ಎತ್ತಿಕೊಂಡು ನಗುತ್ತಿದ್ದ ಫೋಟೋ. ಪುಟ್ಟಿಯ ಮುಖವನ್ನು ಮಾತ್ರ ಜಾಣತನದಿಂದ ಮುಚ್ಚಿದ್ದೆ. ಡಾಕ್ಟರು ಒಂದು ವಾರ ಹಣ್ಣೇ ಬೇಡ, ಹಾಲು ಮಾತ್ರ ಸಾಕು ಎಂದಿದ್ದರು. ಐದು ದಿನಕ್ಕೆ ಗುಳ್ಳೆ ಇಳಿದವು. ಆಗ ನೀನು ಮತ್ತೆ ಬರೆದೆ, ಅವಳು ಹೋದಮೇಲೆ ಮಗು ಹುಷಾರಾಗಿದೆ ಎಂದು. ಅವಳು ಹೋದ ದಿನವೇ ಹಣ್ಣೂ ನಿಂತಿತ್ತು ಎನ್ನುವುದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ಅಷ್ಟು ಓದಿದ ಅಳಿಯಂದಿರಿಗೂ ಹೊಳೆಯಲಿಲ್ಲ. ಎರಡನೇ ಮಹಡಿಯಲ್ಲಿ ಹಸುಗೂಸಿಗೆ ಸ್ನಾನ ಮಾಡಿಸಲು ಹೋಗುತ್ತಿದ್ದಳಲ್ಲ, ಅವರು ಬರಬೇಡ ಎಂದರು. ಐದನೇ ಮಹಡಿಯ ಅವಳಿ ಮಕ್ಕಳ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲವಂತೆ.

ವಾರ ಕಳೆದು ಮತ್ತೆ ಸೇಬು ಶುರುಮಾಡಿದೆ. ಆಯಾ ಇಲ್ಲ, ಹೊಸಬಳು ಒಂದನೇ ತಾರೀಕಿಗೆ ಬರುವವಳು, ಮನೆಯಲ್ಲಿ ನಾನೇ, ಚಮಚ ಹಿಡಿಯುವವಳೂ ನಾನೇ. ಮೂರನೇ ದಿನ ಮತ್ತೆ ಕೆಂಪು ಎದ್ದಿತು. ಮಂಗಳವಾರ ಬೆಳಿಗ್ಗೆ ಸೇಬಿನ ಸಿಪ್ಪೆ ತೆಗೆಯುವಾಗ ಕೈ ಜಾರಿ ಹೆಬ್ಬೆರಳು ಕುಯ್ದುಕೊಂಡೆ. ಹೋಳುಗಳನ್ನು ಬಟ್ಟಲಿಗೆ ಹಾಕುವಾಗ ಬೆರಳು ನೀರಿಗೆ ತಾಗಿತು. ಪ್ರಾಣ ಹೋಗುವ ಹಾಗೆ ಉರಿಯಿತು. ಸುಮ್ಮನೆ ಆ ಬಟ್ಟಲನ್ನೇ ನೋಡುತ್ತಾ ನಿಂತೆ. ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣಿನ ಎರಡು ಹೋಳು ಬಿದ್ದಿದ್ದವು.

ಮಗಳೇ, ಆ ನೀರಿಗೆ ನಾನು ದಿನಾ ಒಂದು ಇಡೀ ನಿಂಬೆಹಣ್ಣು ಹಿಂಡುತ್ತಿದ್ದೆ. ಹಿಂಡುತ್ತಿದ್ದೇನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ ಎಂದರೆ ನೀನು ನಂಬಬೇಕು. ಫ್ಯಾಕ್ಟರಿಯಲ್ಲಿ ಹೆಚ್ಚಿದ ಹಣ್ಣು ಮೊದಲು ಬೀಳುವುದೇ ಹುಳಿನೀರಿನ ತೊಟ್ಟಿಗೆ. ಹಣ್ಣು ಕಂದಾಗದಿರಲಿ ಎಂದು. ನಾವು ಅದನ್ನು ತೊಳೆಯುವುದು ಎಂದೇ ಕರೆಯುತ್ತಿದ್ದೆವು. ಹುಳಿನೀರು ಎಂದು ಯಾರೂ ಹೇಳುತ್ತಿರಲಿಲ್ಲ, ನೀರು ಎನ್ನುತ್ತಿದ್ದೆವು. ಇಪ್ಪತ್ತೆಂಟು ವರ್ಷ ನನ್ನ ನಾಲಿಗೆಗೆ ಸೇಬು ಎಂದರೆ ಅದೇ ರುಚಿ, ಹಾಗಾಗಿ ನಾನು ನೆಕ್ಕಿ ನೋಡಿದಾಗಲೂ ಹುಳಿ ಎನಿಸಲಿಲ್ಲ. ಡಾಕ್ಟರು ಏನು ಹಾಕುತ್ತೀರಿ ಎಂದು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಅಕ್ಕಿ ತೊಳೆದ ನೀರನ್ನು ಯಾರಾದರೂ ಅನ್ನಕ್ಕೆ ಹಾಕಿದ್ದು ಎಂದು ಹೇಳುತ್ತಾರೆಯೇ, ಹಾಗೆ. ಮಗುವಿನ ಹೂವಿನಂಥ ಚರ್ಮಕ್ಕೆ, ದಿನಾ ಎರಡು ಹೊತ್ತು, ಒಂದು ನಿಂಬೆಹಣ್ಣಿನ ಹುಳಿ ಬಳಿದಿದ್ದೇನೆ. ಮುಖ ಕಿವುಚಿದಾಗ ನಕ್ಕಿದ್ದೇನೆ. ನಿನ್ನ ಮೇಲಿನ ಕೋಪಕ್ಕಿಂತ ನನ್ನ ಮೇಲಿನ ಕೋಪ ದೊಡ್ಡದು. ಆದರೆ ನನ್ನ ಮೇಲಿನದನ್ನು ನಾನು ನೋಡಿಕೊಳ್ಳುತ್ತೇನೆ, ಈ ಕಾಗದ ನಿನ್ನ ಪಾಲಿನದಕ್ಕೆ.

ಅವತ್ತು ನಿಂಬೆ ಇಲ್ಲದೆ ಮಾಡಿದೆ. ಬೇಯುವಷ್ಟರಲ್ಲೇ ಬಣ್ಣ ಇಳಿಯಿತು, ಸೋಸುವಾಗ ಪೂರ್ತಿ ಕಂದು. ಇಪ್ಪತ್ತೆಂಟು ವರ್ಷ ಎತ್ತಿ ಬಿಸಾಡಿದ ಬಣ್ಣವನ್ನು ಮೊಮ್ಮಗಳ ಬಾಯಿಗೆ ಇಡಲು ನನ್ನ ಕೈ ಒಪ್ಪುತ್ತಿರಲಿಲ್ಲ. ಇಟ್ಟೆ. ಪುಟ್ಟಿ ಒಂದು ಕ್ಷಣ ಯೋಚಿಸಿ, ನುಂಗಿ, ಬಾಯಿ ತೆರೆದಳು. ನಾನು ಇನ್ನೊಂದು ಚಮಚ ತುಂಬುವುದು ತಡವಾಯಿತೆಂದು ನನ್ನ ಕೈ ಹಿಡಿದು ಎಳೆದಳು. ಅಂದಿನಿಂದ ಇಂದಿನವರೆಗೆ ಒಂದು ಗುಳ್ಳೆ ಇಲ್ಲ.

ಮೂರು ದಿನ ಕಾದು, ಗದ್ದ ಪೂರ್ತಿ ತಿಳಿಯಾದ ಮೇಲೆ, ಹೋದ ಶುಕ್ರವಾರ, ನಿನಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೀನು ಬೈಯುತ್ತೀಯ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನೀನು ನಕ್ಕೆ. "ಅಯ್ಯೋ ಅಮ್ಮಾ, ಅಷ್ಟೇನಾ?" ಎಂದೆ. ನಿನಗೆ ಎದೆಯ ಮೇಲಿನ ಭಾರ ಇಳಿಯಿತು, ಅದು ನನಗೂ ಅರ್ಥವಾಗುತ್ತದೆ, ಮಗುವಿಗೆ ಯಾವ ರೋಗವೂ ಇಲ್ಲ ಎಂದು ಗೊತ್ತಾದ ತಾಯಿ ನಗದೆ ಏನು ಮಾಡುತ್ತಾಳೆ. ಆದರೆ ಆಯಾಗೆ ಏನು ಹೇಳುತ್ತೀಯ ಎಂದು ಕೇಳಿದಾಗಲೂ ನೀನು ಅದೇ ದನಿಯಲ್ಲಿ ಹೋಗಲಿ ಬಿಡು ಎಂದೆಯಲ್ಲ, ಹೊಸಬಳು ಬರುತ್ತಾಳಲ್ಲ ಎಂದೆಯಲ್ಲ, ಅಲ್ಲಿ ನನಗೆ ರಕ್ತ ತಲೆಗೇರಿತು. ಗ್ರೂಪಿನಲ್ಲಿ ಬರೆದದ್ದನ್ನು ತಿದ್ದು ಎಂದರೆ, ಈಗ ಬರೆದರೆ ಎಲ್ಲರೂ ನಿನ್ನನ್ನೇ ನೋಡಿ ನಗುತ್ತಾರೆ ಅಮ್ಮಾ, ನಿನ್ನ ಮರ್ಯಾದೆ ಉಳಿಸುವುದಕ್ಕೇ ಸುಮ್ಮನಿದ್ದೇನೆ ಎಂದೆ. ಹೇಳು, ನನ್ನ ಮರ್ಯಾದೆಯನ್ನು ಕಾಪಾಡು ಎಂದು ನಾನು ಯಾವಾಗ ನಿನ್ನ ಕಾಲು ಹಿಡಿದಿದ್ದೆ? ಇನ್ನೊಬ್ಬಳ ಹೊಟ್ಟೆಯ ಮೇಲೆ ಹೊಡೆದು ಉಳಿಸುವ ಮರ್ಯಾದೆ ನನಗೆ ಬೇಡ. ಮತ್ತು ಅದು ನನ್ನ ಮರ್ಯಾದೆಯೂ ಅಲ್ಲ ಕಣೇ, ನಿನ್ನದು. ಕೇಳದೆ, ವಿಚಾರಿಸದೆ ಬರೆದುಬಿಟ್ಟೆ ಎಂದು ನಲವತ್ತೆರಡು ಮನೆಯವರ ಮುಂದೆ ಒಪ್ಪಿಕೊಳ್ಳಲು ನಿನಗೆ ಆಗುತ್ತಿಲ್ಲ. ಅದನ್ನು ನೇರವಾಗಿ ಹೇಳು, ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳಬೇಡ.

ನೀನು ಮಾಡದಿದ್ದರೆ ನಾನೇ ಸರಿಮಾಡುತ್ತೇನೆ ಎಂದು ಹೊರಟೆ. ಮೊದಲು ಪಕ್ಕದ ಮನೆ. ಎಲ್ಲವನ್ನೂ ಹೇಳಿದೆ, ನಿಂಬೆಹಣ್ಣು, ಬಟ್ಟಲು, ಹೆಬ್ಬೆರಳು ಎಲ್ಲ. ಆಕೆ ನನ್ನ ಕೈ ಹಿಡಿದುಕೊಂಡು, ನೀವು ತುಂಬಾ ಒಳ್ಳೆಯವರು, ಆ ಹೆಂಗಸಿನ ಹೊಟ್ಟೆಪಾಡಿಗೆ ತೊಂದರೆಯಾಗಬಾರದು ಅಂತ ನಿಮ್ಮ ಮೇಲೆ ಹಾಕಿಕೊಳ್ಳುತ್ತಿದ್ದೀರಿ ಎಂದಳು. ಎರಡನೇ ಮಹಡಿಯವರೂ ಅದನ್ನೇ ಹೇಳಿದರು, ಜೊತೆಗೆ ಕಾಫಿ ಕೊಟ್ಟರು. ನಾನು ತಪ್ಪು ಒಪ್ಪಿಕೊಂಡಷ್ಟೂ ನನ್ನ ಒಳ್ಳೆಯತನ ಹೆಚ್ಚುತ್ತಾ ಹೋಯಿತು, ಅವಳ ಕೆಟ್ಟ ಹೆಸರು ಹಾಗೇ ಉಳಿಯಿತು. ಮಗುವಿನ ತಾಯಿಯೇ ಬರೆದದ್ದಲ್ಲವೇ ಎನ್ನುತ್ತಾರೆ ಎಲ್ಲರೂ. ನಿನ್ನ ಗಂಡನಿಗೆ ಹೇಳಿದೆ, ನೀವಾದರೂ ಆ ಗ್ರೂಪಿನಲ್ಲಿ ಎರಡು ಸಾಲು ಹಾಕಿ ಎಂದು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅವಳು ಬರಲಿ ಅತ್ತೆ, ನೋಡೋಣ ಎಂದರು. ಅಳಿಯಂದಿರು ಒಳ್ಳೆಯವರೇ, ದಿನಾ ಪುಟ್ಟಿಯ ಬಟ್ಟೆ ಅವರೇ ಒಗೆಯುತ್ತಾರೆ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ.

ಶನಿವಾರ ಆಯಾಳ ಮನೆಗೂ ಹೋಗಿದ್ದೆ. ನಮ್ಮ ಹಿಂದಿನ ರಸ್ತೆ ದಾಟಿ, ಪಂಕ್ಚರ್ ಹಾಕುವ ಅಂಗಡಿಯ ಮೇಲೆ, ಕಡಿದಾದ ಕಬ್ಬಿಣದ ಮೆಟ್ಟಿಲು. ಒಂದೇ ಕೋಣೆ, ಕಿಟಕಿಯ ಹತ್ತಿರ ಒಲೆ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ. ನನ್ನನ್ನು ಕೂರಿಸಿ ನೀರು ಕೊಟ್ಟಳು. ಪುಟ್ಟಿಗೆ ಹಲ್ಲು ಬಂತಾ ಎಂದು ಮೊದಲು ಕೇಳಿದಳು. ಈಗ ಎಲ್ಲೋ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋಗುತ್ತಾಳೆ, ಬೆರಳ ಸಂದಿಯೆಲ್ಲ ಸುಲಿದು ಬಿಳಿಚಿಕೊಂಡಿತ್ತು. ಮೂವತ್ತು ವರ್ಷ ಮಕ್ಕಳನ್ನು ಎತ್ತಿ ಆಡಿಸಿದ ಕೈ ಅದು. ನಿಂಬೆಹಣ್ಣಿನ ವಿಷಯ ಹೇಳಿದೆ. ಅವಳು ಅಳಲಿಲ್ಲ, ಕಿರುಚಲಿಲ್ಲ. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನೀವು ಬಂದ್ರಲ್ಲ ಅಕ್ಕಾ, ಅದು ದೊಡ್ಡದು. ಆದ್ರೆ ನನ್ನ ಬಗ್ಗೆ ಬರೆದೋರು ನೀವಲ್ಲ. ಬರೆದೋರೇ ಅಳಿಸ್ಬೇಕು." ವಾಪಸ್ ಕೆಲಸಕ್ಕೆ ಬಾ ಎಂದೆ. ಮೊದಲು ಅದಾಗಲಿ ಎಂದಳು. ನಾನು ಎಲ್ಲವನ್ನೂ ಹೇಳಿದೆ ಎಂದುಕೊಳ್ಳಬೇಡ. "ನಾನಂತೂ ಅಲ್ಲ" ಎಂದದ್ದನ್ನು ಹೇಳಲಿಲ್ಲ. ಅವಳು ಬಾಲ್ಕನಿಯಲ್ಲಿದ್ದಳು, ಅವಳಿಗೆ ಅದು ಕೇಳಿಸಿಲ್ಲ. ಅಕ್ಕ ಏನೂ ಅನ್ನಲಿಲ್ಲ, ಪಾಪ, ಮಗಳಿಗೆ ಹೆದರಿ ಸುಮ್ಮನಾದರು ಎಂದೇ ಅವಳು ತಿಳಿದುಕೊಂಡಿದ್ದಾಳೆ. ಹಾಗೇ ಮೆಟ್ಟಿಲಿಳಿದು ಬಂದೆ.

ನಾನು ಪುಟ್ಟಿಯನ್ನು ಬಿಟ್ಟು ಹೊರಟುಹೋಗುತ್ತೇನೆ ಎಂದು ಹೆದರಿಸುವವಳಲ್ಲ. ಮಗುವನ್ನು ಮುಂದಿಟ್ಟುಕೊಂಡು ಜಗಳ ಆಡುವುದು ನನಗೆ ಹೇಸಿಗೆ. ನೀನು ಬರುವ ತನಕ ಇರುತ್ತೇನೆ, ಬಂದಮೇಲೂ ಬೇಕಾದರೆ ಇರುತ್ತೇನೆ. ಆದರೆ ನೀನು ಬರೆಯುವ ತನಕ ನಿನ್ನ ಜೊತೆ ಹವಾಮಾನ, ಊಟ, ಸೀರೆ, ಇವುಗಳ ಮಾತು ನನ್ನಿಂದ ನಿರೀಕ್ಷಿಸಬೇಡ. ನಿನಗೆ ಶಬ್ದ ಹೊಳೆಯದಿದ್ದರೆ ನಾನೇ ಬರೆದುಕೊಡುತ್ತೇನೆ, ಇದನ್ನು ನೋಡಿ ಇಳಿಸು. ನಮ್ಮ ಮನೆಯ ಆಯಾ ಮಗುವಿಗೆ ಏನನ್ನೂ ಕದ್ದು ಕೊಟ್ಟಿರಲಿಲ್ಲ. ನನ್ನ ತಾಯಿ ಗೊತ್ತಿಲ್ಲದೆ ಹಣ್ಣಿಗೆ ನಿಂಬೆರಸ ಹಾಕಿದ್ದರಿಂದ ಮಗುವಿಗೆ ಗುಳ್ಳೆ ಎದ್ದಿದ್ದವು. ನಾನು ವಿಚಾರಿಸದೆ ಆಕೆಯ ಮೇಲೆ ಬರೆದೆ. ತಪ್ಪು ನನ್ನದು. ಆಕೆ ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಗಮನಿಸು, "ಆಕೆ" ಎಂದು, "ಅವಳು" ಎಂದಲ್ಲ. ಗೊತ್ತಿಲ್ಲದೆ ಎನ್ನುವ ಶಬ್ದವನ್ನು ಬೇಕಾದರೆ ತೆಗೆದುಹಾಕು, ನನಗೇನೂ ಬೇಸರವಿಲ್ಲ. ಉಳಿದದ್ದರಲ್ಲಿ ಒಂದು ಅಕ್ಷರ ಕಡಿಮೆಯಾಗಬಾರದು. ಅದೇ ಗ್ರೂಪಿನಲ್ಲಿ, ಅದೇ ಫೋಟೋದ ಜೊತೆ ಹಾಕು. ಯಾವ ಫೋಟೋದಿಂದ ಅವಳ ಹೆಸರು ಕೆಡಿಸಿದೆಯೋ ಅದನ್ನು ನೋಡಿಯೇ ಜನ ಅವಳನ್ನು ಮತ್ತೆ ಗುರುತಿಸಲಿ.

ಹೊಸಬಳು ಬರುವುದು ಬೇಡ ಎಂದು ಏಜೆನ್ಸಿಯವರಿಗೆ ನಾನೇ ಹೇಳಿದ್ದೇನೆ. ಇದಕ್ಕೂ ನಿನಗೆ ಸಿಟ್ಟು ಬರುತ್ತದೆ, ಬರಲಿ. ನಾಳೆಯಿಂದ ಪುಟ್ಟಿಗೆ ಬಾಳೆಹಣ್ಣು ಬೇಯಿಸಿ ಕೊಟ್ಟು ನೋಡುತ್ತೇನೆ. ಹೊಸ ಹಣ್ಣು ಒಂದೊಂದಾಗಿ, ಮೂರು ದಿನಕ್ಕೆ ಒಂದು. ಸೇಬನ್ನು ಈಗ ಚೂರು ಗಟ್ಟಿಯಾಗಿಯೇ ಕೊಡುತ್ತಿದ್ದೇನೆ, ತೆಳ್ಳಗಿದ್ದರೆ ಅವಳಿಗೆ ಸಿಟ್ಟು, ಚಮಚ ಕಚ್ಚಿ ಹಿಡಿದು ಬಿಡುವುದೇ ಇಲ್ಲ. ಹಟಕ್ಕೆ ಮೂವರೂ ಒಂದೇ. ಕಂದು ಬಣ್ಣಕ್ಕೆ ನನ್ನ ಕಣ್ಣು ಇನ್ನೂ ಒಗ್ಗಿಲ್ಲ. ಬಡಿಸುವಾಗ ಅವಳ ಮುಖ ನೋಡುತ್ತೇನೆ, ಬಟ್ಟಲು ನೋಡುವುದಿಲ್ಲ.

ಗಂಟಲಿಗೆ ಉಪ್ಪುನೀರು ಮುಕ್ಕಳಿಸು. ಊಟ ಬಿಡಬೇಡ. ಪರೀಕ್ಷೆಗಳನ್ನೆಲ್ಲ ಚೆನ್ನಾಗಿ ಮಾಡು, ನೀನು ಪಾಸಾಗಿ ಬಂದರೆ ಕುಣಿಯುವವಳೂ ನಾನೇ. ಕೋಪವಿದ್ದರೂ ನಿನ್ನ ತಲೆಯ ಮೇಲೆ ನನ್ನ ಕೈ ಇದ್ದೇ ಇದೆ, ಅದನ್ನು ತೆಗೆಯಲು ನನ್ನಿಂದ ಆಗುವುದಿಲ್ಲ. ನೂರು ವರ್ಷ ಚೆನ್ನಾಗಿ ಬಾಳು. ಅಳಿಯಂದಿರು ನಿನ್ನನ್ನು ಕೇಳಿದ್ದಾರೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಇಷ್ಟು ಬರೆದು ಮಡಚುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಆಯಾ ಬಂದಿದ್ದಾಳೆ. ಅವಳ ಓದುವ ಕನ್ನಡಕ ಇಲ್ಲಿ ಫ್ರಿಜ್ಜಿನ ಮೇಲೆ ಉಳಿದುಬಿಟ್ಟಿತ್ತಂತೆ, ತೆಗೆದುಕೊಂಡು ಹೋಗಲು ಬಂದಳಂತೆ. ಒಳಗೆ ಬಾ ಎಂದರೆ ಬರುತ್ತಿಲ್ಲ, ಹೊಸ್ತಿಲ ಆಚೆಯೇ ನಿಂತಿದ್ದಾಳೆ. ಪುಟ್ಟಿ ಎದ್ದು ಅವಳ ದನಿ ಕೇಳಿ ತೊಟ್ಟಿಲಿನಿಂದ ಕೂಗುತ್ತಿದ್ದಾಳೆ, ಅದಕ್ಕೇ ಅವಸರ. ಅಂಚೆಡಬ್ಬಿ ಅವಳು ಹೋಗುವ ದಾರಿಯಲ್ಲೇ ಇದೆ. ಈ ಕಾಗದವನ್ನು ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಅವಳಿಗೆ, ಮನೆಗೆ ಹೋಗಿ ಮೊದಲಿನಿಂದ ಕೊನೆಯವರೆಗೆ ಓದು, ನಾನು ಅಂದ ಆ ಮಾತೂ ಇದರಲ್ಲಿದೆ, ಓದಿದ ಮೇಲೆ ಹಾಕಬೇಕು ಎನ್ನಿಸಿದರೆ ಹಾಕು, ಇಲ್ಲವಾದರೆ ಹರಿದು ಬಿಸಾಡು ಎಂದು ಹೇಳುತ್ತೇನೆ. ಆದ್ದರಿಂದ ಇದು ನಿನ್ನ ಕೈಗೆ ಬಂದಿದೆ ಎಂದರೆ, ನಾವಿಬ್ಬರೂ ಮಾಡಿದ್ದನ್ನು ತಿಳಿದ ಮೇಲೂ ಅವಳು ಲಕೋಟೆ ಅಂಟಿಸಿ ನಿನಗೆ ಕಳಿಸಿದ್ದಾಳೆ. ಈಗ ಬರೆಯಬೇಕಾದವಳು ನೀನು.